ಪದಚರ್ಚೆ: ತೊಡೆಯ ಮೇಲಿನ ಗಿಟಾರಿನ ‘ಸ್ಲೈಡ್’, ‘ಫ್ರೆಟ್’, ‘ನಟ್’ – ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ, ಮಂಗಳೂರಿನಿಂದ:

ಮಾನ್ಯರೇ, ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಲ್ಯಾಪ್ ಸ್ಲೈಡ್ ಗಿಟಾರನ್ನು ಹಲಸಿನ ಮರದಲ್ಲಿ ಕೈಯಾರೆ ಮಾಡುವ ಬಗೆಯನ್ನು ನಮ್ಮೂರಿನ ಬಡಗಿಗಳಿಗೆ ತಿಳಿಸುವ ಕೈಪಿಡಿಯೊಂದು ಮುಂದಿನ ವಾರ ಅಚ್ಚಿಗೆ ಹೋಗಬೇಕು. ತಂತಿ ಬಿಗಿಯುವ ಬಿರಡೆ, ತಂತಿಯನ್ನು ಕೆಳಗಿನಿಂದ ಹೊರುವ ಕುದುರೆ, ತಂತಿ ಎಂಬ ವೀಣೆಯ ಮಾತುಗಳು ತಾವಾಗಿ ಬಂದು ಕೂತಿವೆ. ಉಳಿದಿರುವುದು ಮೂರು: ಎಡಗೈಯಲ್ಲಿ ಹಿಡಿದು ತಂತಿಯ ಮೇಲೆ ಜಾರಿಸುವ ಉಕ್ಕಿನ ತುಂಡು, ಹಲಗೆಗೆ ಅಡ್ಡಲಾಗಿ ಸ್ವರದ ಜಾಗಗಳನ್ನು ಗುರುತಿಸುವ ಫ್ರೆಟ್, ತಲೆಯ ಬದಿಯಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ನಟ್. ಫ್ರೆಟ್ಟಿಗೆ ‘ಮೆಟ್ಟಿಲು’ ಎಂದು ಬರೆದಿದ್ದೆ. ಕರಡು ಓದಿದ ಬಡಗಿಯೊಬ್ಬರು, ಹಾಗಾದರೆ ಮೆಟ್ಟಿಲು ಮಾಡಲು ಹಿತ್ತಾಳೆ ಸರಿಗೆ ಎಷ್ಟು ತರಿಸಬೇಕು ಎಂದು ಕೇಳಿದರು. ಈ ವಾದ್ಯಕ್ಕೆ ಸರಿಗೆ ಬೇಕಾಗಿಯೇ ಇಲ್ಲ. ದಯವಿಟ್ಟು ಬೇಗ ತಿಳಿಸಿ.

ಉತ್ತರ, ಉಡುಪಿಯಿಂದ:

ಮೊದಲನೆಯದಕ್ಕೆ ‘ಗೋಟು’ ಬಿಟ್ಟರೆ ಬೇರೆ ಪದವೇ ಇಲ್ಲ. ಇಂದು ಚಿತ್ರವೀಣೆ ಎನ್ನುವ ವಾದ್ಯಕ್ಕೆ ಗೋಟುವಾದ್ಯ ಎಂಬ ಹೆಸರು ಬಂದದ್ದೇ ಆ ತುಂಡಿನಿಂದ. ನನ್ನ ದೃಷ್ಟಿಯಲ್ಲಿ ಇದು ನಮ್ಮ ‘ಕೋಡು’ ಪದದ ಒಡಹುಟ್ಟು. ಕೋಡಿಗೆ ಕೊಂಬೆ ಎಂಬ ಅರ್ಥವೂ ಇರುವುದನ್ನು ಮರೆಯಬಾರದು.

ಉತ್ತರ, ಕಾರ್ಕಳದಿಂದ:

ಗೋಟು ಎಂದರೆ ನಮ್ಮಲ್ಲಿ ಒಣಗಿದ ಅಡಿಕೆ. ಹದಿಮೂರನೆಯ ಶತಮಾನದ ಸಂಗೀತರತ್ನಾಕರದಲ್ಲಿ ಏಕತಂತ್ರೀ ವೀಣೆಯ ಮೇಲೆ ಜಾರಿಸುವ ಬಿದಿರಿನ ತುಂಡಿಗೆ ‘ಕಮ್ರಿಕಾ’ ಎಂಬ ಹೆಸರು ಇದ್ದೇ ಇದೆ. ಶಾಸ್ತ್ರದಲ್ಲಿ ಇರುವುದನ್ನು ಬಿಟ್ಟು ಹುಡುಕಾಟವೇಕೆ?

ಉತ್ತರ, ಕುಂದಾಪುರದಿಂದ:

ಯಾರ ಬಾಯಲ್ಲೂ ಉಳಿಯದ ಸಂಸ್ಕೃತ ಪದವನ್ನು ಬಡಗಿಯ ಕೈಗೆ ಕೊಡುವುದು ಕನ್ನಡದ ಕೆಲಸವಲ್ಲ. ಊರುಗೋಲು ಇರುವಲ್ಲಿ ‘ಜಾರುಗೋಲು’ ಇರಬಹುದು. ಗಿಟಾರ್ ಎಂಬುದಕ್ಕೂ ನಮ್ಮದೇ ಹೆಸರು ಬೇಕು. ಎರವಲು ತಂದಷ್ಟೂ ನುಡಿ ಬಡವಾಗುತ್ತದೆ.

ಉತ್ತರ, ಮಣಿಪಾಲದಿಂದ:

ಸಂಧಿ ಸರಿ, ವಸ್ತು ತಪ್ಪು. ಆ ಉಕ್ಕಿನ ತುಂಡು ಮೂರು ಇಂಚು ಚಿಲ್ಲರೆ ಉದ್ದದ್ದು. ಅದನ್ನು ಕೋಲು ಎಂದು ಯಾರೂ ಕರೆಯುವುದಿಲ್ಲ.

ಎರವಲಿನ ಮಾತು ಬಂದದ್ದರಿಂದ ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿಯ ಜೋಸೆಫ್ ಕೆಕುಕು ತಂತಿಯ ಮೇಲೆ ಉಕ್ಕನ್ನು ಜಾರಿಸುವ ಈ ಕ್ರಮವನ್ನು ಬೆಳೆಸಿದ ಮೇಲೆ ಆ ದ್ವೀಪದವರೇ ವಾದ್ಯವನ್ನು ‘ಕೀಕಾ ಕಿಲಾ’ ಎಂದರು. ಕೀಕಾ ಎಂದರೆ ಗಿಟಾರ್, ಕಿಲಾ ಎಂದರೆ ಸ್ಟೀಲ್. ಎರಡನ್ನೂ ಹೊರಗಿನಿಂದ ಪಡೆದು ತಮ್ಮ ನಾಲಿಗೆಗೆ ಹೊಂದಿಸಿಕೊಂಡರು. ನಾವು ಪಿಟೀಲನ್ನು ಹಾಗೆಯೇ ಪಡೆದೆವು. ಕರಾವಳಿಯ ಮನೆಮನೆಯ ಜನೇಲು, ಚಾವಿ ಪೋರ್ಚುಗೀಸಿನಿಂದ ಬಂದವು. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟ್ಟೆಲರ ಕೋಶವೂ ಎರವಲನ್ನು ಹೊರಗಿಟ್ಟಿಲ್ಲ. ಹೀಗಿರುವಾಗ ಗಿಟಾರ್ ಗಿಟಾರೇ ಆಗಿರಲಿ.

ಭಾಗಗಳ ಹೆಸರಿನ ವಿಚಾರ ಬೇರೆ. ಅಲ್ಲಿ ಪದ ಯಾವ ಭಾಷೆಯದೆಂಬುದಕ್ಕಿಂತ ಆ ಭಾಗ ಮಾಡುವ ಕೆಲಸವನ್ನು ನೋಡಬೇಕು. ವೀಣೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಒತ್ತುತ್ತೇವೆ, ಒತ್ತಿದಲ್ಲಿ ಸ್ವರ ಹುಟ್ಟುತ್ತದೆ. ಈ ಗಿಟಾರಿನಲ್ಲಿ ತಂತಿ ಹಲಗೆಯಿಂದ ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿದ್ದು ಹಲಗೆಯನ್ನು ಮುಟ್ಟುವುದೇ ಇಲ್ಲ. ಅಲ್ಲಿರುವುದು ಕಣ್ಣಿಗೆ ದಾರಿ ತೋರಿಸುವ ಗುರುತು ಮಾತ್ರ; ಉಕ್ಕು ಅದರ ನೇರ ಮೇಲೆ ನಿಂತಾಗ ಶ್ರುತಿ ಕೂಡುತ್ತದೆ, ಸ್ವಲ್ಪ ಹಿಂದೆ ಸರಿದರೂ ಸ್ವರ ಇಳಿಯುತ್ತದೆ. ಮಾಮೂಲಿ ಗಿಟಾರಿನಲ್ಲಾದರೆ ಬೆರಳು ಫ್ರೆಟ್ಟಿನ ಹಿಂದಿದ್ದರೂ ನಡೆಯುತ್ತದೆ. ಆದ್ದರಿಂದ ‘ಗೆರೆ’ ಎನ್ನಿ. ನಟ್‌ನಿಂದ ಕುದುರೆಯವರೆಗೆ ತಂತಿಯ ಮೀಟುವ ಉದ್ದ 635 ಮಿಲಿಮೀಟರ್ ಆದರೆ ಮೊದಲ ಗೆರೆ ನಟ್‌ನಿಂದ 35.6ರಲ್ಲಿ, ಹನ್ನೆರಡನೆಯದು 317.5ರಲ್ಲಿ ಎಂದು ಬರೆದರೆ, ಬಡಗಿ ಗೆರೆ ಕೊರೆದು ಬಿಳಿ ಮರದ ಪಟ್ಟಿ ಕೂರಿಸುತ್ತಾನೆ, ಸರಿಗೆ ತರಿಸುವುದಿಲ್ಲ.

ಇದೇ ನ್ಯಾಯದಿಂದ ನಟ್ ‘ಮೇರು’ ಆಗುತ್ತದೆ, ವೀಣೆಯಲ್ಲಿ ಅದರ ಕೆಲಸ ಇದೇ. ಇಲ್ಲಿ ಅದು ಎತ್ತರವಾಗಿರಬೇಕು ಎಂಬುದನ್ನಷ್ಟೇ ಬೇರೆಯಾಗಿ ಹೇಳಿ. ಜಾರಿಸುವ ತುಂಡು ‘ಗೋಟು’. ಅಡಿಕೆಯ ಆಕ್ಷೇಪ ನಿಲ್ಲುವುದಿಲ್ಲ. ತಂತಿಯ ಕೆಳಗಿನ ಕುದುರೆಗೆ ಯಾರೂ ಹುಲ್ಲು ಹಾಕಲು ಹೋಗಿಲ್ಲ.

ಉತ್ತರ, ಕುಂದಾಪುರದಿಂದ:

‘ಗೆರೆ’ ಒಪ್ಪಿದೆ. ‘ಮೇರು’ ಒಪ್ಪಲಾರೆ. ‘ತಂತಿಗಟ್ಟೆ’ ಎಂದರೆ ಕೆಲಸವೂ ಗೊತ್ತಾಗುತ್ತದೆ, ಪದವೂ ನಮ್ಮದಾಗುತ್ತದೆ.

ಉತ್ತರ, ಮಣಿಪಾಲದಿಂದ:

ಇರುವ ಪದವನ್ನು ವೀಣೆ ಮಾಡುವವರು ಬಳಸುತ್ತಿರುವಾಗ ಹೊಸದನ್ನು ಕಟ್ಟಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ಗೆರೆ, ಮೇರು, ಗೋಟು ಎಂದೇ ಅಚ್ಚಿಗೆ ಕಳುಹಿಸುತ್ತಿದ್ದೇನೆ. ಮೇರುವಿನ ಚಿತ್ರದ ಕೆಳಗೆ ‘ತಂತಿಗಟ್ಟೆ’ಯನ್ನೂ ವಿವರಣೆಯಾಗಿ ಕೊಡುತ್ತೇನೆ, ಏಕೆಂದರೆ ವೀಣೆಯನ್ನು ಹತ್ತಿರದಿಂದ ಕಾಣದ ಬಡಗಿಗೂ ಅದರಿಂದ ಅರ್ಥವಾಗುತ್ತದೆ. ಅಂಗಡಿಯಲ್ಲಿ ಗೋಟು ಎಂದು ಕೇಳಿದರೆ ಸಿಗದ ಕಾರಣ, ಸಾಮಗ್ರಿಗಳ ಪುಟದಲ್ಲಿ ಮಾತ್ರ ‘ಸ್ಲೈಡ್ ಬಾರ್’ ಎಂಬ ಹೆಸರೂ ಜೊತೆಗಿರುತ್ತದೆ.