ಫ್ಲೋರಿಡಾದ ಲೂಪ್ ರೋಡಿಗೆ ಸಣ್ಣ ಕಾರಲ್ಲಿ ಹೋಗ್ಲಿಕ್ಕೆ ಆಗ್ತದಾ?

ಬದಿಯಡ್ಕದವ:
ಜನವರಿಯಲ್ಲಿ ಅಪ್ಪ ಅಮ್ಮನನ್ನು ಕರ್ಕೊಂಡು ಮಯಾಮಿಗೆ ತಂಗಿ ಮನೆಗೆ ಹೋಗ್ಲಿಕ್ಕುಂಟು. ಅಲ್ಲಿ ಬಿಗ್ ಸೈಪ್ರೆಸ್ ಜೌಗುಕಾಡಿನ ಒಳಗೆ ಲೂಪ್ ರೋಡ್ ಅಂತ ಸುಮಾರು 24 ಮೈಲಿಯ ರಸ್ತೆ ಉಂಟಲ್ಲ, ಹೆಚ್ಚಿನದು ಮಣ್ಣು ಜಲ್ಲಿಯೇ ಅಂತೆ. ಬಾಡಿಗೆಗೆ ಸಿಗುವುದು ಸಣ್ಣ ಕಾರು. ನಮ್ಮ ತೋಟದ ರಸ್ತೆಯಲ್ಲಿ ಮಳೆಗಾಲದಲ್ಲೂ ಓಡಿಸಿ ಅಭ್ಯಾಸ ಉಂಟು, ಆದ್ರೆ ಇಲ್ಲಿ ಹೂತುಹೋದ್ರೆ ನೆರೆಮನೆಯವರು ಜೀಪು ಹಗ್ಗ ತರ್ತಾರೆ, ಅಲ್ಲಿ ಯಾರು? ಹೋದವರಿದ್ರೆ ದಯವಿಟ್ಟು ಹೇಳಿ.

ಕುಂಬಳೆ ಅಕ್ಕ:
ಧೈರ್ಯವಾಗಿ ಹೋಗಿ ತಮ್ಮಾ. ನಾವು ಫೆಬ್ರವರಿಯಲ್ಲಿ ಸಾಧಾರಣ ಕಾರಲ್ಲೇ ಹೋಗಿದ್ದು. ಅಲ್ಲಿ ಮಳೆ ಮೇಯಿಂದ ಅಕ್ಟೋಬರ್ ತನಕ, ಜನವರಿ ಒಣ ಕಾಲ. ನಮ್ಮ ಮುರಕಲ್ಲಿನ ಕೆಂಪು ಮಣ್ಣಲ್ಲ ಅದು, ಸುಣ್ಣಕಲ್ಲಿನ ಬಿಳಿ ಧೂಳು, ಸಂಜೆಗೆ ಕಾರು ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಆಗಿತ್ತು. ಅವಸರ ಮಾತ್ರ ಮಾಡ್ಬೇಡಿ. ಸ್ವೀಟ್‌ವಾಟರ್ ಸ್ಟ್ರ್ಯಾಂಡ್ ಅಂತ ಒಂದು ಕಡೆ ರಸ್ತೆಯ ಅಡಿಯ ಮೋರಿಯಲ್ಲಿ ನೀರು ದಾಟ್ತದೆ, ಅಲ್ಲಿ ಎಂಜಿನ್ ಆಫ್ ಮಾಡಿ ಸುಮ್ಮನೆ ನಿಲ್ಲಿ. ಸೈಪ್ರೆಸ್ ಮರದ ಬುಡ ಉಬ್ಬಿ ನೀರಲ್ಲೇ ನಿಂತಿರ್ತದೆ, ಸುತ್ತ ಬೇರಿನ ಮೊಳಕೆಗಳು ಮೊಣಕಾಲಿನ ಹಾಗೆ ಮೇಲೆ ಎದ್ದಿರ್ತವೆ, ಕೊಕ್ಕರೆ ಒಂದು ಕಾಲಲ್ಲಿ ನಿಂತು ಅಲ್ಲಾಡುವುದೇ ಇಲ್ಲ. ನಾನು ಅರ್ಧ ಗಂಟೆ ನೋಡಿದೆ, ಸಾಕಾಗ್ಲಿಲ್ಲ.

ಮುಳ್ಳೇರಿಯ:
ಅಕ್ಕ ಹೇಳಿದ್ದು ಸರಿ, ಆದ್ರೆ ನಾನು ಹೋದದ್ದು ಸೆಪ್ಟೆಂಬರಲ್ಲಿ. ಹೊಂಡದಲ್ಲಿ ನೀರು ನಿಂತು ಆಳ ಗೊತ್ತಾಗ್ಲಿಲ್ಲ, ಒಂದು ಚಕ್ರ ಇಳಿದೇ ಹೋಯ್ತು, ಫೋನಿಗೆ ರೇಂಜ್ ಇಲ್ಲ, ಎರಡು ಗಂಟೆ ಕಾದ ಮೇಲೆ ಒಂದು ಪಿಕಪ್‌ನವರು ಎಳೆದು ಕೊಟ್ರು. ಒಣ ಕಾಲದಲ್ಲೂ ಹಿಂದಿನ ದಿನ ಮಳೆ ಬಂದಿದ್ರೆ ಓಯಸಿಸ್ ವಿಸಿಟರ್ ಸೆಂಟರಲ್ಲಿ ರಸ್ತೆ ಹೇಗುಂಟು ಕೇಳಿಯೇ ಇಳಿಯಿರಿ. ಬಾಡಿಗೆ ಕರಾರು ಓದಿ, ಕೆಲವರು ಡಾಂಬರಿಲ್ಲದ ರಸ್ತೆಗೆ ಇನ್ಶೂರೆನ್ಸ್ ಕೊಡುವುದಿಲ್ಲ. ಪೆಟ್ರೋಲ್ ತುಂಬಿಸಿ, ನೀರು ಬುತ್ತಿ ಇಟ್ಕೊಳ್ಳಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ.

ಬದಿಯಡ್ಕದವ:
ತುಂಬ ಉಪಕಾರ ಆಯ್ತು ಇಬ್ಬರಿಗೂ. ಅಮ್ಮ ಮೊಸಳೆ ಅಂದ ಕೂಡ್ಲೇ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾನನ್ನು ನೆನೆಸ್ತಾರೆ, ಹತ್ರ ಹೋಗಿ ಕೈಮುಗಿಯುವ ಜಾತಿ.

ಕುಂಬಳೆ ಅಕ್ಕ:
ಅಯ್ಯೋ, ಅಮ್ಮನಿಗೆ ಈಗಲೇ ಹೇಳಿಡಿ. ಅಲ್ಲಿಯದ್ದು ಆಲಿಗೇಟರ್, ರಸ್ತೆ ಅಂಚಲ್ಲೇ ಬಿಸಿಲು ಕಾಯ್ತಾ ಮಲಗಿರ್ತದೆ, ಮರದ ದಿಮ್ಮಿ ಅಂತ ಕಾಣ್ತದೆ. ಕಡಿಮೆ ಅಂದ್ರೂ 15 ಅಡಿ ದೂರ ಇರ್ಬೇಕು, ತಿನ್ನಲಿಕ್ಕೆ ಹಾಕುವುದು ಅಲ್ಲಿ ಕಾನೂನು ಪ್ರಕಾರ ಅಪರಾಧ. ನೀರಿನ ಬದಿ ಇಳಿಯುವ ಮೊದಲು ಎರಡೂ ದಡ ನೋಡಿ. ಅಮ್ಮ ಕಾರಿನ ಕಿಟಕಿಯಿಂದಲೇ ಕೈಮುಗಿಯಲಿ, ಚೆನ್ನಾಗಿ ಕಾಣ್ತದೆ.