ಕಷ್ಟಕಾಲದಲ್ಲಿ ಸಭೆಯಾಗಿ ಕೃತಜ್ಞತಾಸ್ತುತಿ: ನೊಂದವರೂ ‘ಆಮೆನ್’ ಅನ್ನುವ ಹಾಗೆ ನಡೆಸುವುದು ಹೇಗೆ?

ಸಾಸಿವೆಕಾಳು
ಎಲ್ಲರಿಗೂ ಸ್ತೋತ್ರ. ನಮ್ಮದು ಸುಮಾರು 80 ಜನರ ಕ್ರೈಸ್ತ ಸಭೆ. ಎರಡು ತಿಂಗಳಲ್ಲಿ ಮೂರು ಸಾವು, ಐದಾರು ಮನೆಗಳಲ್ಲಿ ದುಡಿಯುವವರ ಕೆಲಸ ಹೋಗಿದೆ. ಭಾನುವಾರ ಸಾಕ್ಷಿ ಹೇಳುವ, ಅಂದರೆ ದೇವರು ತಮಗೆ ಮಾಡಿದ್ದನ್ನು ಎದ್ದು ಹೇಳುವ ಹೊತ್ತಿಗೆ ಯಾರೂ ಏಳುವುದಿಲ್ಲ. ಎದ್ದರೆ ಅದೇ ಇಬ್ಬರು: ಹೊಸ ಗಾಡಿ, ಮಗನ ಮಾರ್ಕ್ಸು. ಹಿಂದಿನ ಸಾಲಿನವರು ತಲೆ ತಗ್ಗಿಸಿ ಕೂತಿರುತ್ತಾರೆ. ಸ್ವಲ್ಪ ದಿನ ಸಾಕ್ಷಿಯನ್ನೇ ನಿಲ್ಲಿಸೋಣವೇ? ‘ಎಲ್ಲಾದರಲ್ಲಿಯೂ ಸ್ತೋತ್ರ ಮಾಡಿ’ ಎಂದು ಒತ್ತಿ ಹೇಳುವುದು ಸರಿಯೇ? ಆರಾಧನೆಯಲ್ಲಿ ಇದಕ್ಕೆ ಸಿಗುವುದು 15 ನಿಮಿಷ.

ಮೂರು_ಹುರಿ
ನಿಲ್ಲಿಸಬೇಡಿ ಬ್ರದರ್, ಕ್ರಮ ಬದಲಿಸಿ. ಬೈಬಲಿನ ಕೀರ್ತನೆ 107 ತೆಗೆದು ನೋಡಿ. ದಾರಿ ತಪ್ಪಿದವರು, ಸೆರೆಯಲ್ಲಿದ್ದವರು, ರೋಗಿಗಳು, ಸಮುದ್ರದ ಬಿರುಗಾಳಿಗೆ ಸಿಕ್ಕವರು ಎಂದು ನಾಲ್ಕು ಗುಂಪು. ನಾಲ್ಕೂ ಗುಂಪು ಮೊದಲು ಕೂಗಿಕೊಳ್ಳುತ್ತದೆ (ವಚನ 6, 13, 19, 28), ಕೊಂಡಾಡುವ ಮಾತು ಆಮೇಲೆ (8, 15, 21, 31). ನಿಮ್ಮಲ್ಲಿ ಕೂಗೇ ಇಲ್ಲದೆ ನೇರ ಕೊಂಡಾಟಕ್ಕೆ ಹೋಗುತ್ತಿದ್ದೀರಿ, ಅದಕ್ಕೇ ಬಾಯಿ ಕಟ್ಟಿದೆ.

15 ನಿಮಿಷಕ್ಕೆ ಹೀಗೆ ಹೊಂದಿಸಬಹುದು. ಮೊದಲ ಎರಡು ನಿಮಿಷ 107:4-8 ಓದಿ. 6 ಮತ್ತು 8ನೇ ವಚನ ಸಭೆಯೆಲ್ಲ ಒಟ್ಟಾಗಿ. ಮುಂದಿನ ನಾಲ್ಕು ನಿಮಿಷ ಅಳಲಿಗೆ. ಒಬ್ಬ ಹಿರಿಯರು ಸಭೆಯ ಸಂಕಟಗಳನ್ನು ಒಂದೊಂದೇ ವಾಕ್ಯದಲ್ಲಿ ಹೇಳಲಿ, ಪ್ರತಿಯೊಂದಕ್ಕೂ ಸಭೆ ‘ಕರ್ತನೇ, ಕರುಣಿಸು’ ಅನ್ನಲಿ. ಹೆಸರು ಹೇಳುವುದಾದರೆ ಆ ಮನೆಯವರನ್ನು ಮೊದಲೇ ಕೇಳಿರಬೇಕು. ಅದಾದ ಮೇಲೆ ಒಂದು ಪೂರ್ತಿ ನಿಮಿಷ ಮೌನ. ಇಲ್ಲೇ ಎಲ್ಲರೂ ಎಡವುವುದು: ಮುಂದೆ ನಿಂತವರಿಗೆ ಮುಜುಗರವಾಗಿ ಕಾಲು ನಿಮಿಷಕ್ಕೇ ‘ಹಲ್ಲೆಲೂಯ’ ಅಂದುಬಿಡುತ್ತಾರೆ, ಇಲ್ಲವೇ ಕೀಬೋರ್ಡಿನವರು ಮೆಲ್ಲಗೆ ನುಡಿಸಲು ಶುರು ಮಾಡುತ್ತಾರೆ. ಕೈಗಡಿಯಾರ ನೋಡಿಕೊಂಡು ನಿಲ್ಲಿ. ಕೀಬೋರ್ಡ್ ಬೇಡ.

ಆಮೇಲೆ ಆರು ನಿಮಿಷ ಮೂವರ ಸ್ತೋತ್ರ, ತಲಾ ಒಂದೂವರೆ ನಿಮಿಷ. ಎದ್ದು ಬರಲು, ಕೂರಲು ಉಳಿದದ್ದು ಹೋಗುತ್ತದೆ. ಮೂವರಿಗೂ ಶುಕ್ರವಾರವೇ ಹೇಳಿಡಿ: ಈ ವಾರದ್ದೇ ಆಗಬೇಕು, ಒಂದೇ ಸಂಗತಿ ಆಗಬೇಕು. ‘ದೇವರು ಒಳ್ಳೆಯವರು’ ಅಂದರೆ ಯಾರಿಗೂ ಏನೂ ಕಾಣಿಸುವುದಿಲ್ಲ. ‘ಆಸ್ಪತ್ರೆಯಲ್ಲಿ ಇಬ್ಬರು ಸರದಿಯ ಮೇಲೆ ಅಮ್ಮನ ಹತ್ತಿರ ಕೂತರು, ಐದು ದಿನದಲ್ಲಿ ಮೊದಲ ಸಲ ನಾಲ್ಕು ಗಂಟೆ ನಿದ್ದೆ ಮಾಡಿದೆ’ ಅಂದರೆ ಕೇಳಿದವರಿಗೂ ತಮ್ಮದೊಂದು ನೆನಪಾಗುತ್ತದೆ. ಕೊನೆಯ ಎರಡು ನಿಮಿಷಕ್ಕೆ ಕೀರ್ತನೆ 136. ಇಪ್ಪತ್ತಾರು ವಚನವೂ ಬೇಡ; 1-3 ಮತ್ತು 23-26 ಸಾಕು. 23ರಲ್ಲಿ ದೀನಸ್ಥಿತಿಯಲ್ಲಿದ್ದವರ ನೆನಪಿದೆ, 25ರಲ್ಲಿ ಆಹಾರದ ಮಾತಿದೆ.

‘ಬೇರೆಯವರಿಗಿಂತ ನಾವು ಎಷ್ಟೋ ವಾಸಿ’ ಅನ್ನುವ ಸ್ತೋತ್ರ ಮಾತ್ರ ಬೇಡವೇ ಬೇಡ. ‘ನಾನು ಬೇರೆಯವರ ಹಾಗಲ್ಲ’ ಎಂದು ಲೂಕ 18:11ರ ಫರಿಸಾಯನೂ ಸ್ತೋತ್ರವನ್ನೇ ಮಾಡುತ್ತಿದ್ದ.

ಒಲಿವ_ಕೊಂಬೆ
ಒತ್ತಾಯದ ಪ್ರಶ್ನೆಗೆ: 1 ಥೆಸಲೋನಿಕ 5:18ರ ಗ್ರೀಕ್ ಮೂಲದಲ್ಲಿರುವುದು ‘ಎನ್ ಪಾಂತಿ’, ಅಂದರೆ ಎಲ್ಲಾ ಸ್ಥಿತಿಯ ಒಳಗೆ. ಎಫೆಸ 5:20ರಲ್ಲಿ ‘ಎಲ್ಲಾದಕ್ಕಾಗಿ’ ಎಂದೂ ಇದೆ, ನಿಜ. ಆದರೆ ಆ ವಚನ ಹಿಡಿದು ಸಾವಿನ ಮನೆಗೆ ಹೋಗಿ ‘ಇದಕ್ಕೂ ಸ್ತೋತ್ರ ಹೇಳಿ’ ಅನ್ನುವವರು ಯೋಹಾನ 11 ಓದಿಕೊಂಡು ಹೋಗಲಿ. ಸ್ನೇಹಿತ ಲಾಜರ ಸತ್ತಾಗ, 35ನೇ ವಚನದಲ್ಲಿ ಯೇಸು ಅತ್ತರು. 41ರಲ್ಲಿ ತಂದೆಗೆ ಸ್ತೋತ್ರ ಹೇಳಿದರು. ನಡುವೆ ಐದೇ ವಚನ. ಆ ಸ್ತೋತ್ರವೂ ಲಾಜರ ಸತ್ತದ್ದಕ್ಕಲ್ಲ, ತಂದೆ ತನ್ನ ಮೊರೆ ಕೇಳಿದ್ದಕ್ಕೆ.

1 ಕೊರಿಂಥ 14:16ನ್ನೂ ಅಳತೆಗೋಲಾಗಿ ಇಟ್ಟುಕೊಳ್ಳಿ. ಅಲ್ಲಿನ ವಿಷಯ ಅನ್ಯಭಾಷೆ, ಅಂದರೆ ಕೇಳುವವರಿಗೆ ಅರ್ಥವಾಗದ ಭಾಷೆಯಲ್ಲಿ ಪ್ರಾರ್ಥಿಸುವುದು, ಆದರೆ ಆ ಪತ್ರ ಬರೆದ ಪೌಲನ ಪ್ರಶ್ನೆ ಇಲ್ಲಿಗೂ ತಾಕುತ್ತದೆ: ಪಕ್ಕದಲ್ಲಿರುವವನು ನಿನ್ನ ಸ್ತೋತ್ರಕ್ಕೆ ಆಮೆನ್ ಹೇಗೆ ಅಂದಾನು? ಮೊನ್ನೆ ಮಗುವನ್ನು ಮಣ್ಣು ಮಾಡಿದ ತಾಯಿ ಆಮೆನ್ ಅನ್ನಲಾರದ ಮಾತನ್ನು ಮೈಕಿನಲ್ಲಿ ಹೇಳಿಸಬೇಡಿ. ಕೆಲವು ವಾರ ಅಳಲಿನಲ್ಲೇ ಮುಗಿದರೂ ತಪ್ಪಿಲ್ಲ. ಕೀರ್ತನೆ 88 ಕತ್ತಲಲ್ಲೇ ಮುಗಿಯುತ್ತದೆ.

ಮೂರು_ಹುರಿ ಹೇಳಿದ ‘ಮೂವರು’ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮಾತು ಬಲ್ಲವರೇ ಮತ್ತೆ ಮತ್ತೆ ಆಯ್ಕೆಯಾಗುತ್ತಾರೆ. ಚೀಟಿ ಒಳ್ಳೆಯದು: ಎ4 ಹಾಳೆಯ ಕಾಲು ಭಾಗ, ಎರಡೇ ಪ್ರಶ್ನೆ. ‘ಈ ವಾರ ಏನು ಸಿಕ್ಕಿತು?’ ‘ಇನ್ನೂ ಏನಕ್ಕಾಗಿ ಕಾಯುತ್ತಿದ್ದೀರಿ?’ ಎರಡೂ ಒಂದೇ ಚೀಟಿಯಲ್ಲಿರಬೇಕು, ಬೇರೆ ಮಾಡಿದರೆ ಅಳುವವರದ್ದೊಂದು ಪೆಟ್ಟಿಗೆ, ನಗುವವರದ್ದೊಂದು ಪೆಟ್ಟಿಗೆ ಆಗಿಬಿಡುತ್ತದೆ. ಹೆಸರು ಬೇಡ. ಐದಾರು ಚೀಟಿ ಓದಿದರೆ ಸಾಕು. ಓದುವವರು ಮೊದಲೇ ಒಮ್ಮೆ ನೋಡಿಕೊಂಡಿರಲಿ, ಇಲ್ಲದಿದ್ದರೆ ಒಂದು ಮನೆಯ ಗುಟ್ಟು ಮೈಕಿಗೆ ಬಿದ್ದೀತು.

ಚೀಟಿ ಪೆಟ್ಟಿಗೆಯನ್ನು ಕಾಣಿಕೆ ಚೀಲದ ಜೊತೆ ಕಳಿಸಬೇಡಿ. ಕೆಲಸ ಕಳೆದುಕೊಂಡವರು ಚೀಲ ಕಂಡರೆ ಮುದುಡಿಕೊಳ್ಳುತ್ತಾರೆ. ಸಭೆಯ ಸಹಾಯ ಪಡೆದ ಮನೆಯವರನ್ನು ಎದ್ದು ಸ್ತೋತ್ರ ಹೇಳಿ ಎಂದು ಕೇಳುವುದೂ ಬೇಡ. ಕೊಟ್ಟದ್ದು ಅಲ್ಲಿಗೇ ಋಣವಾಗುತ್ತದೆ. 2 ಕೊರಿಂಥ 9:12ರ ಪ್ರಕಾರ ಆ ಕೃತಜ್ಞತೆ ಹೋಗಬೇಕಾದದ್ದು ದೇವರಿಗೆ.

ಸಾಸಿವೆಕಾಳು
ತುಂಬಾ ಉಪಕಾರವಾಯಿತು. ಎಷ್ಟು ವಾರ ಹೀಗೆ ನಡೆಸಬೇಕು? ಆರಾಧನೆಗೆ ಬರಲಾಗದ ವೃದ್ಧರನ್ನು ಹೇಗೆ ಸೇರಿಸಿಕೊಳ್ಳುವುದು?

ಮೂರು_ಹುರಿ
ಚೀಟಿಯ ಮಾತು ಒಪ್ಪಿದೆ, ಎರಡನ್ನೂ ಸೇರಿಸಿ: ಒಂದು ವಾರ ಚೀಟಿ, ಒಂದು ವಾರ ಬಾಯಿಮಾತು. ಆರು ವಾರ ನಡೆಸಿ. ಆಮೇಲೆ ತಿಂಗಳಿಗೊಮ್ಮೆ, ಕರ್ತನ ಭೋಜನದ ಭಾನುವಾರಕ್ಕೆ ಜೋಡಿಸಿ. ಅದಕ್ಕೆ ಹೊರಗಿನಿಂದ ಏನೂ ತುರುಕಬೇಕಿಲ್ಲ. ಹಿಡಿದುಕೊಡಲ್ಪಟ್ಟ ಆ ರಾತ್ರಿಯೇ ಯೇಸು ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದರು (1 ಕೊರಿಂಥ 11:23-24). ಕರ್ತನ ಭೋಜನಕ್ಕಿರುವ ಗ್ರೀಕ್ ಹೆಸರು ‘ಯೂಖರಿಸ್ತಿಯ’; ಆ ಪದದ ಅರ್ಥವೇ ಕೃತಜ್ಞತಾಸ್ತುತಿ.

ವೃದ್ಧರಿಗೆ ಶನಿವಾರ ಫೋನ್ ಮಾಡಿ ಅವೇ ಎರಡು ಪ್ರಶ್ನೆ ಕೇಳಿ. ಅವರು ಅಂದದ್ದನ್ನು ಅವರ ಮಾತಲ್ಲೇ ಬರೆದು ಒಮ್ಮೆ ಅವರಿಗೇ ಓದಿ ಹೇಳಿ, ತಿದ್ದಿ ಚಂದ ಮಾಡಲು ಹೋಗಬೇಡಿ.

ಒಲಿವ_ಕೊಂಬೆ
ಒಂದು ಬಿಟ್ಟುಹೋಗಿತ್ತು. ಆರು ವಾರದ ಚೀಟಿಗಳನ್ನು ಎಸೆಯಬೇಡಿ. ‘ಕಾಯುತ್ತಿದ್ದೇವೆ’ ಅನ್ನುವ ಸಾಲುಗಳನ್ನು ಮಾತ್ರ ಪ್ರಾರ್ಥನಾ ಗುಂಪು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲಿ. ಉತ್ತರ ಬಂದದ್ದಕ್ಕೆ ತಾರೀಕು ಹಾಕಲಿ. ಬಾರದ್ದರ ಎದುರಿನ ಜಾಗ ಖಾಲಿಯೇ ಇರಲಿ.