ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ತಿಂಗಳ ಚಂದಾ ಇಡಲಾ, ಒಂದೇ ಸಲ ದುಡ್ಡು ತಗೊಳ್ಳಲಾ?

ಮೆಡಿಕಲ್ ಸ್ಟೋರ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೇನೆ. ನೆಟ್ ಇಲ್ಲದೆಯೂ ಓಡುತ್ತದೆ. ತಿಂಗಳಿಗೆ 400 ಅಂದರೆ ಅಂಗಡಿಯವರು ಮುಖ ತಿರುಗಿಸುತ್ತಾರೆ. ಒಂದೇ ಸಲ ತಗೊಂಡರೆ ಮುಂದೆ ನನ್ನ ಗತಿ ಏನು? ಅನುಭವ ಇರುವವರು ಹೇಳಿ.

— ನಾನೂ ಇದೇ ಧಂಧೆಯಲ್ಲಿದ್ದೇನೆ. ತಿಂಗಳ ಲೆಕ್ಕ ಬಿಡಿ ಸರ್. ಟ್ಯಾಲಿಯವರು ಏನು ಮಾಡುತ್ತಾರೆ ನೋಡಿ: ಲೈಸೆನ್ಸ್‌ಗೆ ಒಂದು ಸಲ ದುಡ್ಡು, ಆಮೇಲೆ ಟಿಎಸ್‌ಎಸ್ ಅಂತ ರಿನ್ಯೂವಲ್. ರಿನ್ಯೂ ಮಾಡದಿದ್ದರೂ ಇರೋ ವರ್ಷನ್ ನಡೀತಾ ಇರುತ್ತದೆ, ಹೊಸ ರಿಲೀಸ್ ಸಿಗಲ್ಲ ಅಷ್ಟೇ. ನೀವು 'ಎಎಂಸಿ' (ವರ್ಷದ ಮೇಂಟೆನೆನ್ಸ್ ದುಡ್ಡು) ಅನ್ನಿ, ಸಾಕು. ಫ್ರಿಜ್ಜು, ಇನ್ವರ್ಟರ್‌ಗೆಲ್ಲ ಕಟ್ಟಿ ಅವರಿಗೆ ಅಭ್ಯಾಸ ಇದೆ. ಕಟ್ಟುತ್ತಾರಾ ಅಂತ ಅನುಮಾನ ಬೇಡ. 2025 ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಗಿ ಎಷ್ಟೋ ಔಷಧಿ 12%ನಿಂದ 5%ಗೆ ಇಳಿಯಿತಲ್ಲ, ಆ ವಾರ ನನ್ನ ಫೋನ್ ಬಿಡುವೇ ಕೊಡಲಿಲ್ಲ. ಎರಡು ವರ್ಷದಿಂದ 'ನೋಡೋಣ, ಮುಂದಿನ ತಿಂಗಳು' ಅನ್ನುತ್ತಿದ್ದವರೂ ಗೂಗಲ್ ಪೇ ಮಾಡಿ ಸ್ಕ್ರೀನ್‌ಶಾಟ್ ಕಳಿಸಿದ ಮೇಲೇ 'ಅಪ್‌ಡೇಟ್ ಹಾಕಿ' ಅಂದರು.

— ನಮ್ಮದು ಚಂದಾ, ನಡೀತಿದೆ. ಆದರೆ ನಮ್ಮಲ್ಲಿ ಬಿಲ್ ವಾಟ್ಸಾಪ್‌ಗೆ ಹೋಗುತ್ತೆ, ಬ್ಯಾಕಪ್ ಸರ್ವರ್‌ನಲ್ಲಿ ಇರುತ್ತೆ, ಖರ್ಚು ನಮಗೂ ಪ್ರತಿ ತಿಂಗಳು ಬರುತ್ತೆ. ನಿಮಗೆ ಸರ್ವರೇ ಇಲ್ಲ, ತಿಂಗಳಾ ತಿಂಗಳಾ ಯಾವುದಕ್ಕೆ ಅಂತ ಕೇಳಿದರೆ ಏನು ಹೇಳುತ್ತೀರಿ? ಇನ್ನೊಂದು, ಆಟೋಪೇ ನಂಬಿ ಕೂರಬೇಡಿ. ಕಟ್ ಆಗೋ 24 ಗಂಟೆ ಮುಂಚೆ ಮೆಸೇಜ್ ಹೋಗಲೇಬೇಕು, ಆರ್‌ಬಿಐ ರೂಲ್ಸು. ಅದನ್ನು ನೋಡಿದವರು 'ಇದೇನಪ್ಪಾ' ಅಂತ ಕ್ಯಾನ್ಸಲ್ ಒತ್ತುತ್ತಾರೆ. ವರ್ಷಕ್ಕೊಮ್ಮೆ ಆದರೆ ಒಂದೇ ಮೆಸೇಜು, 15,000 ಒಳಗಿದ್ದರೆ ಪ್ರತಿ ಸಲ ಓಟಿಪಿಯೂ ಬೇಡ.

— ಕೋಡ್ ಬರೆಯೋ ಸಾಫ್ಟ್‌ವೇರ್ ಮಾಡುವ ಜೆಟ್‌ಬ್ರೇನ್ಸ್ ಕಂಪನಿ 2015ರಲ್ಲಿ ಬರೀ ಚಂದಾ ಅಂದಾಗ ಪ್ರೋಗ್ರಾಮರ್‌ಗಳು ಗಲಾಟೆ ಮಾಡಿದ್ದರು. ಕೊನೆಗೆ, 12 ತಿಂಗಳು ಕಟ್ಟಿದವರು ಚಂದಾ ನಿಲ್ಲಿಸಿದರೂ ಒಂದು ವರ್ಷನ್ ಅವರ ಹತ್ತಿರ ಉಳಿಯುತ್ತೆ ಅಂತ ಮಾಡಿದರು. ಅದನ್ನೂ ಯೋಚಿಸಿ.

— ಎಲ್ಲರಿಗೂ ಥ್ಯಾಂಕ್ಸ್. ಎಎಂಸಿ ಎಷ್ಟಿಡಲಿ?

— ನಾನು ಬೆಲೆಯ 20% ಇಟ್ಟಿದ್ದೇನೆ, 18% ಜಿಎಸ್‌ಟಿ ಬೇರೆ. ಮೊದಲ ವರ್ಷದ್ದು ಬೆಲೆಯಲ್ಲೇ ಸೇರಿಸಿ, ಆದರೆ ಬಿಲ್‌ನಲ್ಲಿ ಅದನ್ನು ಬೇರೆ ಸಾಲಲ್ಲಿ ಬರೆಯಿರಿ. ಇಲ್ಲಾಂದ್ರೆ ಮುಂದಿನ ವರ್ಷ 'ಇದು ಯಾವಾಗ ಹೇಳಿದ್ರಿ?' ಅಂತಾರೆ.